ಇಳಿಸಲು ಕಟ್ಟಿದ ಹಡಗು, ಕರೆತಂದ ಹಡಗು

ಹಡಗಿಗೆ ನೀರು ನುಗ್ಗಿದರೆ ಆಪತ್ತು. ನಮ್ಮ ನೌಕಾಪಡೆಯ ‘ಜಲಾಶ್ವ’ ಮಾತ್ರ ಬೇಕೆಂದೇ ನೀರು ತುಂಬಿಕೊಳ್ಳುತ್ತದೆ. ತೊಟ್ಟಿಗಳು ತುಂಬಿ ಹಿಂಭಾಗ ತಗ್ಗಿದಾಗ ಬಾಗಿಲು ತೆರೆದರೆ ಹೊಟ್ಟೆಯೊಳಗೇ ಪುಟ್ಟ ಕೆರೆ. ಸೈನಿಕರನ್ನೂ ವಾಹನಗಳನ್ನೂ ಹೊತ್ತ ದೋಣಿಗಳು ಅಲ್ಲಿಂದಲೇ ದಡಕ್ಕೆ ಹೊರಡುತ್ತವೆ. ಬಂದರು ಬೇಕಿಲ್ಲ.

1971ರಲ್ಲಿ ‘ಟ್ರೆಂಟನ್’ ಎಂಬ ಹೆಸರಿನಲ್ಲಿ ಅಮೆರಿಕದ ನೌಕಾಪಡೆ ಸೇರಿದ ಈ ಹಡಗನ್ನು ಕಟ್ಟಿದ್ದು ಪರರ ದಡದಲ್ಲಿ ಸೈನ್ಯ ಇಳಿಸಲು. ಆದರೆ 1991ರ ಜನವರಿಯಲ್ಲಿ ಅದು ಧಾವಿಸಿದ್ದು ಅಂತರ್ಯುದ್ಧದ ಮೊಗದಿಶುವಿನಿಂದ ಜನರನ್ನು ಪಾರುಮಾಡಲು. 2007ರಲ್ಲಿ ಭಾರತದ್ದಾಯಿತು. 2020ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ವಿಮಾನಗಳು ನಿಂತಿದ್ದಾಗ, ಮಾಲೆಯಿಂದ 698 ಮಂದಿಯನ್ನು ಕೊಚ್ಚಿಗೆ ತಂದಿತು.

ಸೈನ್ಯಕ್ಕೆಂದು ಮಾಡಿದ ಮಲಗುವ ಜಾಗ, ಅಡುಗೆಮನೆ, ಆಸ್ಪತ್ರೆ ಊರಿಗೆ ಮರಳುವವರಿಗೂ ಆದವು. ದಾಳಿಗೆ ಕಟ್ಟಿದ ಹಡಗನ್ನು ಅವರು ನೆನೆಯುವುದು ಮನೆ ಮುಟ್ಟಿಸಿದ್ದಕ್ಕೆ.