ಹತ್ತೊಂಬತ್ತು ಕಲ್ಲುಗಳು, ಒಂದು ಪ್ರಾರ್ಥನಾ ಪುಸ್ತಕ

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ ಕಡಲಿಗೆ ಚಾಚಿಕೊಂಡಿರುವ ಕಾರ್ನ್‌ವಾಲ್ ಪ್ರಾಂತಕ್ಕೆ ಅದರದೇ ಒಂದು ಭಾಷೆಯಿತ್ತು. ಕಾರ್ನಿಷ್ ಎಂದು ಹೆಸರು. ಆ ನೆಲಕ್ಕೆ ಇಂಗ್ಲಿಷಿಗಿಂತ ಹಳಬ. ವೇಲ್ಸಿನವರ ಭಾಷೆಯ ಹತ್ತಿರದ ದಾಯಾದಿ. ತಂಗಿಯ ಮನೆಗೆಂದು ಆ ದೇಶಕ್ಕೆ ಹೋದಾಗ ಕಲ್ಲಿನ ವೃತ್ತಗಳನ್ನೂ ಕೆಥೆಡ್ರಲ್‌ಗಳನ್ನೂ ನೋಡುವ ಆಸೆಯಿಂದ ನಾಲ್ಕು ದಿನ ಆ ಕಡೆ ತಿರುಗಾಡಿದೆ. ಗಡಿನಾಡಿನವನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಭಾಷೆಯ ಕಥೆ.

ದಾರಿಯಲ್ಲಿ ಮೊದಲು ಸಿಗುವುದು ಎಕ್ಸೆಟರ್. 1050ರಿಂದ ಬಿಷಪರ ಪೀಠ ಇಲ್ಲಿದೆ. ಕೆಥೆಡ್ರಲಿನ ಕಲ್ಲಿನ ಕಮಾನು ಚಾವಣಿ ಸುಮಾರು 96 ಮೀಟರ್ ಉದ್ದಕ್ಕೂ ಎಲ್ಲಿಯೂ ತುಂಡಾಗದೆ ಸಾಗುತ್ತದೆ. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋವು ಬಂತು. ಕಾರ್ನ್‌ವಾಲಿನ ಚರ್ಚುಗಳೆಲ್ಲ ಎಂಟು ಶತಮಾನಕ್ಕೂ ಹೆಚ್ಚು ಕಾಲ ಈ ಪೀಠದ ಅಧೀನದಲ್ಲಿದ್ದವು.

1549ರ ಜೂನಿನಲ್ಲಿ ಆರನೆಯ ಎಡ್ವರ್ಡನ ಸರಕಾರ ಲ್ಯಾಟಿನ್ ಪೂಜಾವಿಧಿಯನ್ನು ನಿಲ್ಲಿಸಿ, ಇಂಗ್ಲಿಷಿನ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯಗೊಳಿಸಿತು. ಕಾರ್ನ್‌ವಾಲ್ ಮತ್ತು ಡೆವನ್‌ನ ಜನ ದಂಗೆಯೆದ್ದು ಎಕ್ಸೆಟರಿಗೆ ಐದು ವಾರ ಮುತ್ತಿಗೆ ಹಾಕಿದರು. ಹಳೆಯ ವಿಧಿಯೇ ಬೇಕೆಂಬುದು ಅವರ ಮುಖ್ಯ ಹಟ. ಆದರೆ ಬೇಡಿಕೆಗಳ ಪಟ್ಟಿಯಲ್ಲಿ ಕಾರ್ನ್‌ವಾಲಿನವರ ಇನ್ನೊಂದು ಮಾತೂ ಇತ್ತು: ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದು. ಹಾಗಾದರೆ ಲ್ಯಾಟಿನ್ ತಿಳಿದವರು ಎಷ್ಟು ಮಂದಿ ಎಂಬ ಧಾಟಿಯಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ ಉತ್ತರ ಬರೆದ. ತರ್ಕವೇನೋ ಸರಿ. ಆದರೆ ಆ ಜನ ಮನೆಯಲ್ಲಿ ಆಡುವ ಮೂರನೆಯ ಭಾಷೆ ಈ ವಾದದಲ್ಲಿ ಎಲ್ಲಿ ಹೋಯಿತು? ಬ್ಯಾಂಕಿನ ಕೌಂಟರಿನಲ್ಲಿ ಫಾರಂ ಚಾಚಿ "ಇದ್ರಲ್ಲಿ ಎಂತ ಬರ್ದದೆ ಮಾರಾಯ್ರೆ" ಎಂದು ಕೇಳುವ ನಮ್ಮೂರ ಅಜ್ಜಂದಿರು ನೆನಪಾದರು.

ದಂಗೆಯನ್ನು ರಕ್ತ ಹರಿಸಿ ಅಡಗಿಸಲಾಯಿತು. ಸಾವಿರಾರು ಮಂದಿ ಸತ್ತರು. ಇದೇ ಕಾಲದ ವೇಲ್ಸನ್ನು ನೋಡಿ. ಅಲ್ಲಿಯವರಿಗೆ 1567ರಲ್ಲಿ ಪ್ರಾರ್ಥನಾ ಪುಸ್ತಕ, 1588ರಲ್ಲಿ ಇಡೀ ಬೈಬಲ್ ತಮ್ಮ ಭಾಷೆಯಲ್ಲೇ ದೊರೆತವು. ಕಾರ್ನಿಷಿಗೆ ಎರಡೂ ಸಿಗಲಿಲ್ಲ. ವೇಲ್ಸಿನ ಭಾಷೆ ಇಂದಿಗೂ ಮನೆಮಾತು. ಕಾರ್ನಿಷ್ ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದಾವು. ನನಗೆ ದೊಡ್ಡದಾಗಿ ಕಾಣುವುದು ಇದೇ.

ಟ್ರೂರೋದ ಕೆಥೆಡ್ರಲ್ ಕಾರ್ನ್‌ವಾಲಿನದೇ ಆದರೂ ಕಟ್ಟಿದ್ದು 1880ರಿಂದ 1910ರವರೆಗೆ. ಹಳೆಯ ಸೇಂಟ್ ಮೇರಿ ಚರ್ಚಿನ ಒಂದು ಪಾರ್ಶ್ವವನ್ನು ಕೆಡವದೆ ಒಳಗೇ ಸೇರಿಸಿಕೊಂಡದ್ದು ಇಷ್ಟವಾಯಿತು.

ಸೇಂಟ್ ಬುರಿಯನ್ ಹಳ್ಳಿಯ ಹತ್ತಿರ, ಬರೀ ಹುಲ್ಲಿನ ಹೊಲದಲ್ಲಿ, ‘ಮೆರ್ರಿ ಮೇಡನ್ಸ್’ ವೃತ್ತವಿದೆ. ಸುಮಾರು 4000 ವರ್ಷ ಹಳೆಯ 19 ಗ್ರಾನೈಟ್ ಕಲ್ಲುಗಳು. ಹೆಚ್ಚಿನವು ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಭಾನುವಾರ ಕುಣಿದ ಹುಡುಗಿಯರು ಕಲ್ಲಾದರಂತೆ. ಓಡಿದ ಇಬ್ಬರು ಕೊಳಲಿನವರು ಸ್ವಲ್ಪ ದೂರದಲ್ಲಿ ಎತ್ತರದ ಕಲ್ಲುಗಳಾಗಿ ನಿಂತಿದ್ದಾರೆ. ಹಿರೇಬೆಣಕಲ್ಲಿನ ಕಲ್ಮನೆಗಳಿಗೆ ನಮ್ಮವರು ಮೋರ್ಯರ ಕಥೆ ಕಟ್ಟಿದ ಹಾಗೆಯೇ. ಕಾರ್ನಿಷಿನಲ್ಲಿ ಇದರ ಹೆಸರು ‘ಡಾನ್ಸ್ ಮೇನ್’, ಕಲ್ಲಿನ ಕುಣಿತ. ಕಲ್ಲು ನೆಟ್ಟವರು ಏನೆಂದು ಕರೆದರೋ, ಆ ನುಡಿ ಕಾರ್ನಿಷಿಗೂ ಮೊದಲೇ ಮಣ್ಣಾಗಿದೆ.

ಅಲ್ಲಿಂದ ಪೌಲ್ ಎಂಬ ಹಳ್ಳಿ ದೂರವಿಲ್ಲ. 1777ರಲ್ಲಿ ತೀರಿಕೊಂಡ ಮೀನು ಮಾರುವ ಮುದುಕಿ ಡಾಲಿ ಪೆಂಟ್ರೀತ್ ಕಾರ್ನಿಷನ್ನು ಮನೆಮಾತಾಗಿ ಬಲ್ಲ ಕೊನೆಯವಳೆಂದು ಪ್ರಸಿದ್ಧಳು. ವಿದ್ವಾಂಸರು ಇದನ್ನು ಪೂರ್ತಿ ಒಪ್ಪುವುದಿಲ್ಲ. 1860ರಲ್ಲಿ ನೆಪೋಲಿಯನ್ನನ ತಮ್ಮನ ಮಗ, ಭಾಷಾಪಂಡಿತ ಲೂಯಿ ಲೂಸಿಯನ್ ಬೋನಪಾರ್ಟೆ ಊರಿನ ಪಾದ್ರಿಯೊಂದಿಗೆ ಸೇರಿ ಚರ್ಚಿನ ಗೋಡೆಯಲ್ಲಿ ಆಕೆಗೊಂದು ಸ್ಮಾರಕ ನಿಲ್ಲಿಸಿದ. ತಂದೆತಾಯಿಯರನ್ನು ಗೌರವಿಸು ಎಂಬ ದೇವಾಜ್ಞೆಯನ್ನು ಅದರ ಮೇಲೆ ಇಂಗ್ಲಿಷಿನಲ್ಲೂ ಕಾರ್ನಿಷಿನಲ್ಲೂ ಕೊರೆದಿದ್ದಾರೆ. 1904ರಲ್ಲಿ ಹೆನ್ರಿ ಜೆನ್ನರ್ ಕಾರ್ನಿಷ್ ಕಲಿಯಲು ಕೈಪಿಡಿ ಬರೆದ. 2002ರಲ್ಲಿ ಸರಕಾರದ ಮಾನ್ಯತೆಯೂ ದೊರೆಯಿತು. ಈಗ ರಸ್ತೆಬದಿಯ ಎಷ್ಟೋ ಹೆಸರುಫಲಕಗಳಲ್ಲಿ ಎರಡೂ ಭಾಷೆಗಳಿವೆ.