ಕಾಲೇಜಿನ ತರುಣರು: ಉತ್ಸಾಹವೂ ಔದಾಸೀನ್ಯವೂ

ವಿದ್ಯಾರ್ಥಿಗಳಿಗೆ ವಿದ್ಯೆಯಲ್ಲಿ ಆಸ್ಥೆಯಿಲ್ಲ, ಪರೀಕ್ಷೆಯೊಂದೇ ಅವರಿಗೆ ಬೇಕು ಎಂಬ ದೂರನ್ನು ನಾವೆಲ್ಲರೂ ಕೇಳಿದ್ದೇವೆ. ನಮ್ಮಲ್ಲಿ ಹಲವರು ಹೇಳಿಯೂ ಇದ್ದೇವೆ. ಈ ದೂರು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದು ಕೇಳಿಬಂದಿತು. ಆದರೆ ಅದೇ ಶತಮಾನದಲ್ಲಿ, ವಿದ್ಯಾರ್ಥಿಗಳ ಉತ್ಸಾಹ ಮಿತಿಮೀರಿತೆಂದು ಹಿರಿಯರು ಬೆದರಿದ ಕಾಲವೂ ಒಂದುಂಟು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ತಪ್ಪು ಯಾರದೆಂಬುದು ಕೊಂಚ ತಿಳಿದೀತು.

ಮೊದಲು ಕಲ್ಕತ್ತೆಯನ್ನು ನೋಡೋಣ. ಅಲ್ಲಿಯ ಹಿಂದೂ ಕಾಲೇಜು ೧೮೧೭ರಲ್ಲಿ ಸ್ಥಾಪಿತವಾಯಿತು. ೧೮೨೬ರಲ್ಲಿ ಹೆನ್ರಿ ಡೆರೋಜಿಯೋ ಅಲ್ಲಿ ಉಪಾಧ್ಯಾಯನಾದಾಗ ಅವನಿಗಿನ್ನೂ ೧೭ ವರ್ಷ. ಶಿಷ್ಯರಿಗೂ ಅವನಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ೧೮೨೮ರಲ್ಲಿ ಅವನ ಸುತ್ತ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟ ಬೆಳೆಯಿತು. ಮಾಣಿಕತಲಾದ ಒಂದು ತೋಟದ ಮನೆಯಲ್ಲಿ ಕೂಡಿ ಅವರು ವಿಧಿ, ಪುರುಷಪ್ರಯತ್ನ, ದೇವರ ಅಸ್ತಿತ್ವ, ವಿಗ್ರಹಾರಾಧನೆ ಇವುಗಳನ್ನು ಕುರಿತು ವಾದಿಸುತ್ತಿದ್ದರು. ಇದರಿಂದ ಯಾರಿಗೂ ಉದ್ಯೋಗ ದೊರೆಯುವಂತಿರಲಿಲ್ಲ, ಆದರೂ ಬರುತ್ತಿದ್ದರು. ಆಚಾರವನ್ನು ಬೇಕೆಂದೇ ಮುರಿದು ಮನೆಯವರನ್ನು ನೋಯಿಸಿದವರೂ ಅವರಲ್ಲಿದ್ದರೆಂಬುದನ್ನು ನಾವು ಮರೆಮಾಚಬಾರದು. ೧೮೩೧ರಲ್ಲಿ ಡೆರೋಜಿಯೋ ರಾಜೀನಾಮೆ ಕೊಡಬೇಕಾಯಿತು. ಆ ವರ್ಷದ ಕೊನೆಯಲ್ಲಿಯೇ, ೨೨ನೆಯ ವಯಸ್ಸಿನಲ್ಲಿ, ವಾಂತಿಭೇದಿಯಿಂದ ತೀರಿಕೊಂಡನು. ಆದರೆ ಹಿಮಾಲಯದ ಅತ್ಯುನ್ನತ ಶಿಖರದ ಎತ್ತರವನ್ನು ಮುಂದೆ ಗಣಿಸಿದ ರಾಧಾನಾಥ ಸಿಕದಾರರು ಆ ಬಳಗದವರೇ.

ಮುಂಬಯಿಯ ಉತ್ಸಾಹದ ರೀತಿ ಬೇರೆ. ಎಲ್ಫಿನ್‌ಸ್ಟನ್ ವಿದ್ಯಾಶಾಲೆಯ ತರುಣರು ೧೮೪೮ರಲ್ಲಿ ಸಾಹಿತ್ಯ ಮತ್ತು ವಿಜ್ಞಾನಗಳ ಸಂಘವೊಂದನ್ನು ಕಟ್ಟಿದರು. ಪ್ರಬಂಧ ಓದುವುದರಲ್ಲಿಯೇ ತೃಪ್ತರಾಗದೆ ೧೮೪೯ರಲ್ಲಿ ಹೆಣ್ಣುಮಕ್ಕಳಿಗೆ ಪಾಠಶಾಲೆಗಳನ್ನು ತೆರೆದು, ಸಂಬಳವಿಲ್ಲದೆ ತಾವೇ ಕಲಿಸಿದರು. ಮಕ್ಕಳನ್ನು ಕಳುಹಿಸಿಕೊಡಿರೆಂದು ಮನೆಮನೆಗೆ ಹೋದಾಗ ಕೆಲವರು ಮೆಟ್ಟಿಲಿನಿಂದ ಕೆಳಗೆ ನೂಕುವುದಾಗಿ ಬೆದರಿಸಿದರೆಂದು, ಅವರಲ್ಲೊಬ್ಬರಾದ ದಾದಾಭಾಯಿ ನವರೋಜಿಯವರು ಸ್ಮರಿಸಿದ್ದಾರೆ.

ಹಾಗಾದರೆ ಔದಾಸೀನ್ಯ ಎಲ್ಲಿಂದ ಬಂದಿತು? ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ಉದ್ಯೋಗದಲ್ಲಿ ಆದ್ಯತೆಯೆಂದು ೧೮೪೪ರಲ್ಲಿಯೇ ಗವರ್ನರ್ ಜನರಲ್ ಹಾರ್ಡಿಂಜರು ಸಾರಿದ್ದರು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಲಂಡನ್ನಿನ ಮಾದರಿಯ ಈ ಸಂಸ್ಥೆಗಳು ಮೊದಲು ಪಾಠ ಹೇಳುತ್ತಿರಲಿಲ್ಲ. ಪರೀಕ್ಷೆ ಮಾಡಿ ಪದವಿ ಕೊಡುತ್ತಿದ್ದವು. ಕಲ್ಕತ್ತೆಯ ಮೊದಲ ಬಿ.ಎ. ಪರೀಕ್ಷೆಯಲ್ಲಿ, ೧೮೫೮ರಲ್ಲಿ, ತೇರ್ಗಡೆಯಾದವರು ಬಂಕಿಮಚಂದ್ರರು ಮತ್ತು ಯದುನಾಥ ಬಸು ಇಬ್ಬರೇ. ಅದೂ ದಯೆಯಿಂದ ಸೇರಿಸಿಕೊಟ್ಟ ಅಂಕಗಳ ನೆರವಿನಿಂದ. ಬಂಕಿಮರು ಆ ವರ್ಷವೇ ಡೆಪ್ಯುಟಿ ಮ್ಯಾಜಿಸ್ಟ್ರೇಟರಾದರು. ಪದವಿಗೂ ಪದವಿಯ ಫಲಕ್ಕೂ ನಡುವೆ ಇಷ್ಟೇ ದೂರವಿದ್ದಾಗ ತರುಣನು ತೋಟದ ಮನೆಯ ವಾದವನ್ನು ಬಿಟ್ಟು ಟಿಪ್ಪಣಿಗಳನ್ನು ಬಾಯಿಪಾಠ ಮಾಡಿದರೆ ಆಶ್ಚರ್ಯವೇನು? ಬಡವರ ಮನೆಯ ಹುಡುಗನಿಗೆ ಆ ಪರೀಕ್ಷೆಯೇ ಮೇಲೇರುವ ಏಣಿಯೂ ಆಗಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು.

ನಮ್ಮ ಮೈಸೂರು ಸೀಮೆಯಲ್ಲಿಯೂ ಇದೇ ಕ್ರಮ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜರ ಕಾಲೇಜುಗಳ ವಿದ್ಯಾರ್ಥಿಗಳು ಮದರಾಸಿನ ಪರೀಕ್ಷೆಗಳಿಗೇ ಓದುತ್ತಿದ್ದರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ, ಏನನ್ನು ಓದಬೇಕೆಂಬುದನ್ನು ದೂರದ ಊರಿನವರು ಗೊತ್ತುಮಾಡುತ್ತಿದ್ದರು.

ಹಾಗೆಂದು ತರುಣರ ಒಳಗಿನ ಕಿಡಿ ಆರಿತೆಂದು ನಾವು ತಿಳಿಯಬೇಕಾಗಿಲ್ಲ. ೧೮೭೦ರ ದಶಕದಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರು ಇಟಲಿಯ ಮಾಟ್ಸೀನಿಯನ್ನು ಕುರಿತು ಉಪನ್ಯಾಸ ಮಾಡಿದಾಗ ಕಲ್ಕತ್ತೆಯ ವಿದ್ಯಾರ್ಥಿಗಳು ಕಿಕ್ಕಿರಿದು ಕೇಳಿದರು. ಪಠ್ಯಕ್ಕೆ ಉದಾಸೀನವೆನಿಸಿಕೊಂಡ ಪೀಳಿಗೆಯೇ ಅದು! ಬಂಕಿಮರೂ ಪರೀಕ್ಷೆಯ ಇಂಗ್ಲಿಷನ್ನು ಪಕ್ಕಕ್ಕಿಟ್ಟು ೧೮೬೫ರಲ್ಲಿ ತಾಯ್ನುಡಿಯಲ್ಲಿಯೇ ಕಾದಂಬರಿಯನ್ನು ಪ್ರಕಟಿಸಿದರು.

ಇದರಿಂದ ನಮಗೆ ತೋರುವುದಿಷ್ಟು: ತನ್ನದೆನಿಸಿದ ಪ್ರಶ್ನೆ ಎದುರಿಗಿದ್ದಾಗ ತರುಣನು ಉತ್ಸಾಹಿ, ಬೇರೆಯವರ ಪ್ರಶ್ನೆಗೆ ಉತ್ತರವನ್ನು ಉರುಹೊಡೆಯಬೇಕಾದಾಗ ಉದಾಸೀನ. ಆದುದರಿಂದ ಇನ್ನೊಮ್ಮೆ ಆ ಹಳೆಯ ದೂರು ನಮ್ಮ ನಾಲಗೆಗೆ ಬಂದಾಗ, ಈ ಹುಡುಗನಿಗೆ ಆಸ್ಥೆಯಿದೆಯೇ ಎಂದು ಕೇಳುವುದಕ್ಕೆ ಮುಂಚೆ, ಆಸ್ಥೆ ವಹಿಸತಕ್ಕಂಥದನ್ನು ಅವನ ಮುಂದೆ ನಾವು ಇಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.