ತೊಟ್ಟಿಯ ತೂಕ, ನೆಲದ ತಗ್ಗು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಕಾರ್ಖಾನೆ ಎಂದೊಡನೆ ನೆನಪಾಗುವುದು ಸಿಮೆಂಟಿನ ದೂಳು. ದೂಳು ಕಣ್ಣಿಗೆ ಬೀಳುತ್ತದೆ. ತೊಟ್ಟಿಯಿಂದ ಸೋರುವ ವಿಷಾನಿಲ ಎಷ್ಟೋ ಸಲ ಕಾಣುವುದೇ ಇಲ್ಲ. ಸಿಮೆಂಟ್ ಕಾರ್ಖಾನೆ ಕೀಟನಾಶಕ ಕಾರ್ಖಾನೆಯಂಥದಲ್ಲ, ನಿಜ. ಆದರೂ ಗೂಡಿನ ಹೊಗೆಯನ್ನು ಶುದ್ಧಗೊಳಿಸಲು ಅಮೋನಿಯಾ ದ್ರಾವಣ ಬಳಸುವ ಪದ್ಧತಿ ಆ ಉದ್ಯಮದಲ್ಲಿದೆ. ಪಟ್ಟಣಗಳ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ರೂಢಿಯೂ ಇದೆ.

ಇಂಥ ಅಪಾಯವನ್ನು ಅಳೆಯುವ ಪಾಠವನ್ನು ದೇಶ ಕಲಿತದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ‘ಇ-610’ ತೊಟ್ಟಿಯಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಇತ್ತು. ಅದಕ್ಕೆ ನೀರು ಸೇರಿ ಕಾವೇರಿತು. ತೊಟ್ಟಿಯನ್ನು ತಂಪಾಗಿಡುವ ಯಂತ್ರ ತಿಂಗಳುಗಳಿಂದ ನಿಂತಿತ್ತು. ಅನಿಲವನ್ನು ಸುಡುವ ಗೋಪುರದ ಕೊಳವೆಯೂ ಬಿಚ್ಚಿಕೊಂಡಿತ್ತು. ಗಾಳಿಗಿಂತ ಭಾರವಾದ ಅನಿಲ ನೆಲ ಹಿಡಿದು ಮಲಗಿದ್ದವರ ಗುಡಿಸಲುಗಳನ್ನು ಹೊಕ್ಕಿತು.

ಆ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಪ್ರತಿ ವಸ್ತುವಿಗೂ ತೂಕದ ಮಿತಿ ನಿಗದಿಯಾಯಿತು: ಅಮೋನಿಯಾಕ್ಕೆ 60 ಟನ್, ಕ್ಲೋರಿನ್‌ಗೆ 10 ಟನ್. ಮೀಥೈಲ್ ಐಸೋಸಯನೇಟಿಗೆ ಕೇವಲ 150 ಕಿಲೋ! ಭೋಪಾಲದ ತೊಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕಾದ ಅಂಕಿ ಇದು. ಮಿತಿ ದಾಟಿದ ಕಾರ್ಖಾನೆ ತುರ್ತು ಯೋಜನೆ ಸಿದ್ಧಪಡಿಸಬೇಕು. ಅವಘಡವಾದರೆ ಏನು ಮಾಡಬೇಕೆಂದು ಸುತ್ತಲಿನ ಜನರಿಗೆ ಮೊದಲೇ ತಿಳಿಸಬೇಕು.

ತೂಕವೊಂದೇ ಅಳತೆಯಾದರೆ ಸಾಲದು. ನೀರು ಸರಬರಾಜಿಗೆ ಬಳಸುವ ದೊಡ್ಡ ಕ್ಲೋರಿನ್ ಸಿಲಿಂಡರಿನಲ್ಲಿ ಸುಮಾರು 900 ಕಿಲೋ ಇರುತ್ತದೆ. ಹನ್ನೊಂದನ್ನು ಒಟ್ಟಿಗಿಟ್ಟರೂ ಲೆಕ್ಕ 10 ಟನ್ ಮುಟ್ಟುವುದಿಲ್ಲ. ಒಂದು ಬೀದಿಗೆ ಒಂದೇ ಸಾಕು.

ಕಾವೂ ಲೆಕ್ಕಕ್ಕೆ ಬರಬೇಕು. 2020ರ ಮೇ 7ರಂದು ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್‌ನಲ್ಲಿ ಸ್ಟೈರೀನ್ ತೊಟ್ಟಿ ಸೋರಿದಾಗ, ಕೆಳಭಾಗದ ಉಷ್ಣತೆ ಮಾತ್ರ ಅಳೆಯಲಾಗುತ್ತಿತ್ತು. ಮೇಲ್ಭಾಗ ಕಾದದ್ದು ತಿಳಿಯಲಿಲ್ಲ. ಹನ್ನೆರಡು ಮಂದಿ ಸತ್ತರು. ಕಲಬುರಗಿ ಜಿಲ್ಲೆಯ ಬೇಸಿಗೆಯೋ, 40 ಡಿಗ್ರಿ ದಾಟುವಂಥದು.

ಇನ್ನು ನೆಲ. ಶಹಾಬಾದ್ ಕಲ್ಲು ತೆಗೆದ ಗಣಿಗಳು ಈ ಸೀಮೆಯಲ್ಲಿ ತಗ್ಗುಗಳಾಗಿ ಉಳಿದಿವೆ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಕ್ಲೋರಿನ್ ನಿಲ್ಲುವುದು ಇಂಥ ತಗ್ಗಿನಲ್ಲೇ. ಅದು ಸೋರಿದಾಗ ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಸಾಗಬೇಕು. ಹತ್ತಿರವೆಂದು ಗಣಿಯೊಳಗಿನ ಕಾಲುದಾರಿ ಹಿಡಿಯಬಾರದು.